ಅಂಗೈಯ ಕಡತ

ಮರೆವು ಮನುಷ್ಯನ ಸಹಜಗುಣ. ಆ ಮರೆವನ್ನು ಗೆಲ್ಲಬೇಕೆಂಬ ಹಂಬಲವೂ ಅವನಿಗೆ ಅಷ್ಟೇ ಸಹಜವಾದುದು. ಕೊಟ್ಟ ಸಾಲ, ಬಿತ್ತಿದ ಬೀಜ, ಸಲ್ಲಿಸಿದ ಕಂದಾಯ, ಬರಬೇಕಾದ ಬಾಕಿ, ಇವೆಲ್ಲವನ್ನೂ ನೆನಪಿನ ಮೇಲೆಯೇ ಬಿಟ್ಟರೆ ವ್ಯವಹಾರ ಕೆಡುತ್ತದೆ, ಸ್ನೇಹವೂ ಕೆಡುತ್ತದೆ. ಆದುದರಿಂದ ಅಕ್ಷರ ಬಲ್ಲವರು ಬರೆದಿಟ್ಟರು. ಅಕ್ಷರ ಬಾರದವರು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರು, ಹಗ್ಗಕ್ಕೆ ಗಂಟು ಹಾಕಿದರು.

ಕನ್ನಡನಾಡಿನ ಶಾನುಭೋಗರೂ ವರ್ತಕರೂ ಹಿಂದೆ ‘ಕಡತ’ ಎಂಬ ಸಾಧನವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಬಳಿದು ಒಣಗಿಸಿದರೆ ಅದು ಕಪ್ಪು ಹಲಗೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದ ರೂಪಕ್ಕೆ ತಂದು, ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಅಲ್ಲಿಯೇ ಹೊಸದನ್ನು ಬರೆಯಬಹುದಾಗಿತ್ತು. ಕಂಕುಳಲ್ಲಿ ಇರುಕಿಕೊಂಡು ಹೊಲದಿಂದ ಹೊಲಕ್ಕೆ, ಸಂತೆಯಿಂದ ಸಂತೆಗೆ ಒಯ್ಯಬಹುದಾಗಿತ್ತು. ಆ ಕಪ್ಪು ಬಟ್ಟೆ ಈಗ ಬಳಕೆಯಲ್ಲಿಲ್ಲ. ಆದರೆ ಕಚೇರಿಯ ಕಾಗದಗಳ ಕಟ್ಟನ್ನು ಇಂದಿಗೂ ‘ಕಡತ’ವೆಂದೇ ಕರೆಯುತ್ತಾರೆ. ವಸ್ತು ಅಳಿದರೂ ಹೆಸರು ಉಳಿಯಿತು.

ಜೊತೆಯಲ್ಲಿ ಒಯ್ಯಲು ಹಗುರವಾಗಿರಬೇಕು, ಬೇಕೆಂದಾಗ ಬರೆಯಲು ಬರಬೇಕು, ತಪ್ಪಾದಾಗ ತಿದ್ದಲು ಬರಬೇಕು. ಕಡತದ ಈ ಮೂರು ಗುಣಗಳನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಒಂದು ಹೊಸ ಯಂತ್ರ ಮೈಗೂಡಿಸಿಕೊಂಡಿತು. ಅದೇ ಅಂಗೈಯಲ್ಲಿ ಹಿಡಿಯಬಹುದಾದ ಗಣಕಯಂತ್ರ. ಅದು ಬರೆದುದನ್ನು ಇಟ್ಟುಕೊಳ್ಳುವುದಲ್ಲದೆ ತಾನೇ ಕೂಡಿ ಕಳೆಯಬಲ್ಲುದು. ಸಾವಿರ ಹೆಸರುಗಳ ನಡುವೆ ಬೇಕಾದ ಹೆಸರನ್ನು ಕ್ಷಣದಲ್ಲಿ ಹುಡುಕಿ ಕೊಡಬಲ್ಲುದು.

1984ರಲ್ಲಿ ಬ್ರಿಟನ್ನಿನ ಸಯಾನ್ ಎಂಬ ಸಂಸ್ಥೆ ಇಂತಹ ಒಂದು ಕಿರುಯಂತ್ರವನ್ನು ಮಾರುಕಟ್ಟೆಗೆ ತಂದಿತು. 1996ರಲ್ಲಿ ಅಮೆರಿಕದಲ್ಲಿ ‘ಪೈಲಟ್’ ಎಂಬ ಅಂಗೈ ಗಣಕ ಬಂದಿತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಎಂಬಾತನು ಯಂತ್ರವನ್ನು ಕಟ್ಟುವ ಮೊದಲು ಅದೇ ಅಳತೆಯ ಒಂದು ಮರದ ತುಂಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದನು. ಯಾರಾದರೂ ಭೇಟಿಯ ದಿನವನ್ನು ಕೇಳಿದರೆ ಆ ಮರದ ತುಂಡನ್ನು ಹೊರತೆಗೆದು, ಕಡ್ಡಿಯಿಂದ ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದನು. ನೋಡಿದವರಿಗೆ ಇದು ಹುಚ್ಚಾಟವಾಗಿ ಕಂಡಿರಬಹುದು. ಆದರೆ ಯಂತ್ರ ಜೇಬಿಗೆ ಭಾರವಾಗುವುದೇ, ದಿನಕ್ಕೆ ಎಷ್ಟು ಸಲ ಬೇಕಾಗುವುದು, ಯಾವ ಕೆಲಸಕ್ಕೆ ಬೇಕಾಗುವುದು ಎಂಬುದನ್ನು ಅವನು ತಿಳಿದುಕೊಂಡದ್ದು ಆ ಮರದ ತುಂಡಿನಿಂದಲೇ. ಬಳಸುವವನ ಅನುಭವವೇ ಸಾಧನಕ್ಕೆ ಮೊದಲ ಗುರು ಎಂಬ ಸತ್ಯ ಇಲ್ಲಿದೆ.

ಆ ಯಂತ್ರಗಳೆಲ್ಲ ಇಂಗ್ಲಿಷ್ ಬಲ್ಲ, ಕೈಯಲ್ಲಿ ಹಣವುಳ್ಳ ಉದ್ಯೋಗಸ್ಥರಿಗಾಗಿ ಹುಟ್ಟಿದವು. ಪೈಲಟ್ಟಿನಲ್ಲಿ ಕಡ್ಡಿಯಿಂದ ಬರೆಯಬೇಕಾದವರು ಯಂತ್ರಕ್ಕೆ ತಿಳಿಯುವಂತಹ ಬೇರೊಂದು ಬಗೆಯ ಅಕ್ಷರಗಳನ್ನೇ ಕಲಿಯಬೇಕಾಗಿತ್ತು. ಮನುಷ್ಯನು ಯಂತ್ರದ ಭಾಷೆಯನ್ನು ಕಲಿಯುವ ಬದಲು ಯಂತ್ರವೇ ಜನರ ಭಾಷೆಯನ್ನು ಕಲಿತರೆ ಹೇಗೆ? ಓದು ಬಾರದ ರೈತನಿಗೂ ಅದು ಏಕೆ ನೆರವಾಗಬಾರದು? ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡವರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದ ಪ್ರಾಧ್ಯಾಪಕರೂ ಎನ್ಕೋರ್ ಎಂಬ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದ ತಂತ್ರಜ್ಞರೂ ಸೇರಿ ಒಂದು ನ್ಯಾಸವನ್ನು ಕಟ್ಟಿದರು. ಅವರ ಪ್ರಯತ್ನದ ಫಲವಾಗಿ 2001ರ ಏಪ್ರಿಲ್ ತಿಂಗಳಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕದ ಮೊದಲ ಮಾದರಿ ಲೋಕದ ಕಣ್ಣಿಗೆ ಬಿದ್ದಿತು. ಸರಳವಾದ, ಅಗ್ಗವಾದ, ಹಲವು ಭಾಷೆಗಳನ್ನು ಬಲ್ಲ ಜನರ ಗಣಕ ಎಂಬುದು ಆ ಹೆಸರಿನ ಒಳ ಅರ್ಥ.

ಈ ಯಂತ್ರದಲ್ಲಿ ಗುಂಡಿಗಳ ಸಾಲಿರಲಿಲ್ಲ. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು, ಅದು ಕೆಲಸಕ್ಕೆ ತೊಡಗುತ್ತಿತ್ತು. ವಿದ್ಯುತ್ತಿಲ್ಲದ ಹಳ್ಳಿಯಲ್ಲಿಯೂ ನಡೆಯಲೆಂದು ಅಂಗಡಿಯಲ್ಲಿ ದೊರೆಯುವ ಮೂರು ಸಣ್ಣ ಬ್ಯಾಟರಿಗಳಿಂದ ಓಡುವಂತೆ ಮಾಡಿದ್ದರು. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬಹುದೆಂಬುದು ಇನ್ನೊಂದು ಜಾಣತನದ ಯೋಚನೆ. ಪ್ರತಿಯೊಬ್ಬನ ಲೆಕ್ಕವೂ ಅವನವನ ಸ್ಮಾರ್ಟ್ ಕಾರ್ಡಿನಲ್ಲಿ ಇರುವುದು, ಕಾರ್ಡನ್ನು ಸೇರಿಸಿದಾಗ ಯಂತ್ರ ಅವನದಾಗುವುದು, ತೆಗೆದಾಗ ಮತ್ತೊಬ್ಬನದಾಗುವುದು.

ಎಲ್ಲಕ್ಕಿಂತ ಮಿಗಿಲಾಗಿ, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಶಕ್ತಿಯನ್ನು ಅದಕ್ಕೆ ಕೊಡಲು ಯತ್ನಿಸಿದರು. ಇಲ್ಲಿ ಕನ್ನಡ ಲಿಪಿಯ ಒಂದು ಗುಣ ನೆರವಿಗೆ ಬಂದಿತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಹಲವು ರೀತಿಯಲ್ಲಿ ಉಚ್ಚಾರವಾಗುತ್ತದೆ. ಕನ್ನಡದಲ್ಲಿಯಾದರೋ ಬಹುಮಟ್ಟಿಗೆ ಬರೆದಂತೆ ಓದು, ಓದಿದಂತೆ ಬರಹ. ಕಾಗುಣಿತದ ಧ್ವನಿಗಳ ತುಣುಕುಗಳನ್ನು ಮೊದಲೇ ಧ್ವನಿಮುದ್ರಿಸಿಟ್ಟು, ಬರಹಕ್ಕೆ ತಕ್ಕಂತೆ ಅವುಗಳನ್ನು ಪೋಣಿಸಿದರೆ ಮಾತು ಹುಟ್ಟುತ್ತದೆ. ಎಳೆಯ ಮಕ್ಕಳು ಬಾಯಿಪಾಠ ಮಾಡುವ ಕಾಗುಣಿತವೇ ಯಂತ್ರದ ನಾಲಗೆಯೂ ಆಯಿತು.

ಒಂದು ಸಿಂಪ್ಯೂಟರಿನ ಬೆಲೆ ಸುಮಾರು 9,000 ರೂಪಾಯಿ ಇರಬೇಕೆಂಬುದು ಅವರ ಗುರಿಯಾಗಿತ್ತು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರವಿನಿಂದ ‘ಅಮಿದ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂದಿತು. ಕರ್ನಾಟಕದ ಭೂದಾಖಲೆಯ ಕೆಲಸದಲ್ಲಿ, ಛತ್ತೀಸ್‌ಗಢದ ಶಾಲೆಗಳಲ್ಲಿ ಅದನ್ನು ಬಳಸಿ ನೋಡಿದರು. ಆದರೆ 2005ರ ವೇಳೆಗೆ ಮಾರಾಟವಾದವು ಸುಮಾರು 4,000 ಯಂತ್ರಗಳು ಮಾತ್ರ. ಒಂಬತ್ತು ಸಾವಿರ ರೂಪಾಯಿ ನಗರದವನಿಗೆ ಅಗ್ಗ, ಕೂಲಿಕಾರನಿಗೆ ದುಬಾರಿ. ಅಷ್ಟರಲ್ಲಿ ಮೊಬೈಲ್ ಫೋನಿನ ಬೆಲೆ ಇಳಿಯುತ್ತ ಬಂದಿತು. ಮಾತನಾಡುವ ಅನುಕೂಲವೊಂದಕ್ಕಾಗಿಯೇ ಜನ ಅದನ್ನು ಕೊಂಡರು. ಸಿಂಪ್ಯೂಟರ್ ಹಿಂದೆ ಸರಿಯಿತು. ಆದರೂ ಅದು ಎತ್ತಿದ ಪ್ರಶ್ನೆ ಹಿಂದೆ ಸರಿಯಲಿಲ್ಲ. ಮುಟ್ಟಿದರೆ ತೆರೆಯುವ ಪರದೆ, ಕನ್ನಡದಲ್ಲಿ ಓದಿ ಹೇಳುವ ಧ್ವನಿ, ಜೇಬಿನಲ್ಲಿ ಹಿಡಿಸುವ ಲೆಕ್ಕ ಇವೆಲ್ಲವೂ ಮುಂದೆ ಬೇರೆ ಬೇರೆ ಯಂತ್ರಗಳ ಮೂಲಕ ಹಳ್ಳಿಯನ್ನು ಸೇರಿದವು. 2011ರಲ್ಲಿ ನಡೆದ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ಲಕ್ಷಗಟ್ಟಲೆ ಕೈಗಣಕಗಳನ್ನು ತಯಾರಿಸಿತು. ಮನೆಮನೆಯ ವಿವರವನ್ನು ಅವುಗಳಲ್ಲಿಯೇ ತುಂಬಿದರು.

ಇಂದು ಹಾಸನ ಜಿಲ್ಲೆಯ ಯಾವ ಊರಿಗೆ ಹೋದರೂ ಇಂತಹ ಯಂತ್ರ ಕಣ್ಣಿಗೆ ಬೀಳುತ್ತದೆ. ಹಾಸನದಿಂದ ಅರಕಲಗೂಡಿಗೆ, ಹೊಳೆನರಸೀಪುರಕ್ಕೆ, ಚನ್ನರಾಯಪಟ್ಟಣಕ್ಕೆ ಓಡುವ ಸರ್ಕಾರಿ ಬಸ್ಸುಗಳ ನಿರ್ವಾಹಕರ ಕೈಯಲ್ಲಿ ಟಿಕೆಟ್ ಮುದ್ರಿಸುವ ಯಂತ್ರವಿರುತ್ತದೆ. ಹಿಂದೆ ನಿರ್ವಾಹಕನು ಬಣ್ಣಬಣ್ಣದ ಟಿಕೆಟ್ಟುಗಳ ಕಟ್ಟನ್ನು ಹಿಡಿದು, ಪ್ರತಿ ಸ್ಟೇಜಿನಲ್ಲಿಯೂ ಟಿಕೆಟ್ಟಿನ ಸಂಖ್ಯೆಯನ್ನು ವೇ ಬಿಲ್ಲಿನಲ್ಲಿ ಬರೆದು, ಕುಲುಕಾಡುವ ಬಸ್ಸಿನಲ್ಲಿಯೇ ಲೆಕ್ಕ ಹೊಂದಿಸಬೇಕಾಗಿತ್ತು. ಈಗ ಹತ್ತುವ ಊರನ್ನೂ ಇಳಿಯುವ ಊರನ್ನೂ ಒತ್ತಿದರೆ ದರವನ್ನು ಯಂತ್ರವೇ ಹೇಳುತ್ತದೆ. ದಿನದ ಕೊನೆಗೆ ಮೊತ್ತವನ್ನೂ ಕೊಡುತ್ತದೆ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಜಾರಿಗೆ ಬಂದಾಗ, ಹಣವಿಲ್ಲದ ಆ ಟಿಕೆಟ್ಟುಗಳ ಲೆಕ್ಕವನ್ನು ಇಟ್ಟದ್ದೂ ಈ ಯಂತ್ರವೇ.

ಆದರೆ ಯಂತ್ರ ಹಿಡಿದವರ ಅನುಭವ ಬರಿಯ ಸುಖದ್ದಲ್ಲ. ಜಾತ್ರೆಯ ದಿನ ಬಸ್ಸು ಕಿಕ್ಕಿರಿದಿರುವಾಗಲೇ ಕಾಗದದ ಸುರುಳಿ ಮುಗಿಯುತ್ತದೆ. ಕತ್ತಲಾಗುವ ಹೊತ್ತಿಗೆ ಬ್ಯಾಟರಿ ಸೋಲುತ್ತದೆ. ತಿಂಗಳಿಗೊಮ್ಮೆ ಮೀಟರ್ ಓದಲು ಬರುವವನಿಗೆ ಮಳೆಯ ಹನಿಯಿಂದ ಯಂತ್ರವನ್ನು ಕಾಯುವುದೇ ಒಂದು ಕೆಲಸ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಪರದೆಯ ರಚನೆಯನ್ನು ಸ್ವಲ್ಪ ಅರಿಯಬೇಕು. ಹಳೆಯ ಬಗೆಯ ಪರದೆಯಲ್ಲಿ ಎರಡು ತೆಳುಹಾಳೆಗಳ ನಡುವೆ ಕೂದಲೆಳೆಯಷ್ಟು ತೆರಪಿರುತ್ತಿತ್ತು. ಕಡ್ಡಿಯಿಂದ ಒತ್ತಿದಾಗ ಅವೆರಡೂ ತಾಗಿ, ಎಲ್ಲಿ ಒತ್ತಿದರೆಂಬುದು ತಿಳಿಯುತ್ತಿತ್ತು. ಇಂದಿನ ಪರದೆ ಒತ್ತಡವನ್ನು ಅವಲಂಬಿಸಿಲ್ಲ. ಬೆರಳು ತಾಗಿದಾಗ ಅದರ ಮೇಲಿನ ವಿದ್ಯುದಂಶದಲ್ಲಿ ಆಗುವ ಅಲ್ಪ ವ್ಯತ್ಯಾಸವನ್ನು ಅದು ಗುರುತಿಸುತ್ತದೆ. ಮಳೆನೀರೂ ವಿದ್ಯುದ್ವಾಹಕವಾದುದರಿಂದ ಹನಿಯನ್ನೇ ಬೆರಳೆಂದು ಅದು ಭ್ರಮಿಸುವುದುಂಟು. ಕೆಸರುಗೈಯ ರೈತನಿಗೆ ಅದು ಹಟಮಾರಿಯಾಗಿ ಕಾಣುವುದು ಈ ಕಾರಣದಿಂದಲೇ.

ಮಳೆಯ ಈ ಮಾತು ಮಲ್ಲಿಪಟ್ಟಣದಂತಹ ಕಡೆ ಅಲಕ್ಷಿಸತಕ್ಕದ್ದಲ್ಲ. ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರು ಬಯಲುಸೀಮೆ ಮಲೆನಾಡಿಗೆ ತಿರುಗುವ ಅಂಚಿನಲ್ಲಿದೆ. ತಾಲ್ಲೂಕಿನಲ್ಲಿ ರಾಗಿ, ಭತ್ತ, ಮುಸುಕಿನ ಜೋಳ, ಆಲೂಗಡ್ಡೆ, ಹೊಗೆಸೊಪ್ಪು, ಶುಂಠಿ ಹೀಗೆ ಬಗೆಬಗೆಯ ಬೆಳೆಗಳು ಸಣ್ಣ ಸಣ್ಣ ಹಿಡುವಳಿಗಳಲ್ಲಿ ಅಕ್ಕಪಕ್ಕದಲ್ಲಿಯೇ ಬೆಳೆಯುತ್ತವೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟು ಕುಂಟೆಯಲ್ಲಿದೆ ಎಂಬುದನ್ನು ಪಹಣಿಯಲ್ಲಿ ಕಾಣಿಸಬೇಕು. 1961ರ ಕಾಯಿದೆಯಿಂದ ಶಾನುಭೋಗಿಕೆ ರದ್ದಾದ ಮೇಲೆ ಆ ಹೊಣೆ ಗ್ರಾಮಲೆಕ್ಕಿಗನಿಗೆ ಬಂದಿತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದುವು. ಆದರೆ ಒಡೆಯನ ಹೆಸರು ಎಂದೋ ಒಮ್ಮೆ ಬದಲಾಗುತ್ತದೆ; ಬೆಳೆಯಾದರೋ ಹಂಗಾಮಿಗೊಮ್ಮೆ ಬದಲಾಗುತ್ತದೆ. ಹಲವು ಊರುಗಳ ಹೊಣೆ ಹೊತ್ತ ಒಬ್ಬನೇ ಗ್ರಾಮಲೆಕ್ಕಿಗ ಪ್ರತಿ ಹೊಲವನ್ನೂ ತುಳಿದು ಬರುವುದು ಸುಲಭವಲ್ಲ. ಕುಳಿತಲ್ಲಿಯೇ ಹಿಂದಿನ ವರ್ಷದ ಬೆಳೆಯನ್ನು ಮತ್ತೆ ಬರೆಯುವುದು ಸುಲಭ.

ಈ ಕೊರತೆಯನ್ನು ನೀಗಲು ಬೆಳೆ ಸಮೀಕ್ಷೆಗೆ ಮೊಬೈಲ್ ಫೋನು ಬಂದಿತು. ಮೊದಲು ಊರಿನ ಯುವಕರು ಹೊಲಕ್ಕೆ ಹೋಗಿ ಚಿತ್ರ ತೆಗೆದರು. 2020ರಿಂದ ರೈತನೇ ತನ್ನ ಬೆಳೆಯ ವಿವರವನ್ನು ದಾಖಲಿಸುವ ಅವಕಾಶ ದೊರೆಯಿತು. ಫೋನು ಹಿಡಿದು ಹೊಲದಲ್ಲಿ ನಿಂತರೆ, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಅದನ್ನು ಮುಟ್ಟುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳಿಂದ ಸಂಕೇತ ಬರಲು ಹಿಡಿದ ಕಾಲವನ್ನು ಅಳೆದು, ನಿಂತ ಸ್ಥಳ ಯಾವುದೆಂಬುದನ್ನು ಫೋನು ಲೆಕ್ಕ ಹಾಕುತ್ತದೆ. ಬೆಳೆಯ ಹೆಸರು, ವಿಸ್ತೀರ್ಣ, ಚಿತ್ರ ಇವು ಆ ಸ್ಥಳದ ಗುರುತಿನೊಡನೆ ಸೇರುತ್ತವೆ. ಅಲ್ಲಿ ಸಂಪರ್ಕ ಸಿಗದಿದ್ದರೆ ವಿವರವನ್ನು ಫೋನಿನಲ್ಲಿಯೇ ಉಳಿಸಿಕೊಂಡು, ಸಿಗುವ ಕಡೆ ಬಂದು ಕಳುಹಿಸಬಹುದು.

ಈ ಅಳತೆಯಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಬರುವುದುಂಟು. ದೊಡ್ಡ ಹೊಲದ ನಡುವೆ ಅದು ಲೆಕ್ಕಕ್ಕಿಲ್ಲ. ಹತ್ತು ಕುಂಟೆಯ ಹೊಲದ ಬದುವಿನ ಮೇಲೆ ನಿಂತವನಿಗೆ ಮಾತ್ರ ಅದು ಪಕ್ಕದವನ ಹೊಲವನ್ನೇ ತೋರಿಸಬಹುದು. ಇನ್ನು ಬೆಳೆಯ ಹೆಸರನ್ನು ಆರಿಸುವಾಗ ಬೆರಳು ಒಂದು ಸಾಲು ಕೆಳಗೆ ತಾಗಿದರೆ ರಾಗಿಯ ಹೊಲ ಜೋಳದ ಹೊಲವಾಗುತ್ತದೆ. ಇದನ್ನು ಸಣ್ಣ ತಪ್ಪೆಂದು ತಳ್ಳಿಹಾಕುವಂತಿಲ್ಲ. ಬೆಂಬಲ ಬೆಲೆಗೆ ರಾಗಿಯನ್ನು ಮಾರಲು ಬಂದ ರೈತನ ಹೆಸರಿನ ಮುಂದೆ ಯಾವ ಬೆಳೆಯಿದೆ ಎಂದು ಖರೀದಿ ಕೇಂದ್ರದಲ್ಲಿ ನೋಡುತ್ತಾರೆ. ಬೆಳೆ ಹಾನಿಯಾದಾಗ ಪರಿಹಾರಕ್ಕೂ ಅದೇ ದಾಖಲೆ ಆಧಾರ. ಅಲ್ಲಿ ಜೋಳವೆಂದಿದ್ದರೆ, ಗಾಡಿಯ ತುಂಬ ರಾಗಿ ತಂದವನೂ ಬರಿಗೈಯಲ್ಲಿ ನಿಲ್ಲಬೇಕಾದೀತು. ಕಣದಲ್ಲಿರುವ ರಾಗಿಗಿಂತ ದಾಖಲೆಯಲ್ಲಿರುವ ಜೋಳವೇ ಹೆಚ್ಚು ನಿಜವೆನಿಸಿಕೊಳ್ಳುವ ವಿಪರ್ಯಾಸವಿದು.

ಇಂತಹ ತಪ್ಪನ್ನು ತಿದ್ದಲು ದಾರಿಯಿಲ್ಲದಿಲ್ಲ. ದಾಖಲಾದ ಬೆಳೆಯನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ’ ಎಂಬ ವ್ಯವಸ್ಥೆಯಿದೆ. ಆದರೆ ಅದನ್ನು ತೆರೆದು ನೋಡಲು ಅಕ್ಷರ ಬೇಕು, ಫೋನು ಬೇಕು, ನೋಡಬೇಕೆಂಬ ಎಚ್ಚರ ಬೇಕು. ಹಲವು ಮನೆಗಳಲ್ಲಿ ಈ ಮೂರನ್ನೂ ಉಳ್ಳವರು ಶಾಲೆಗೆ ಹೋಗುವ ಮಕ್ಕಳೇ ಆಗಿರುತ್ತಾರೆ. ಅಜ್ಜನು ಬೆಳೆಯನ್ನು ಬಲ್ಲನು, ಬದುವನ್ನು ಬಲ್ಲನು. ಮೊಮ್ಮಗಳು ಪರದೆಯನ್ನು ಓದಬಲ್ಲಳು. ಇಬ್ಬರೂ ಜೊತೆಯಾಗಿ ಹೊಲದ ನಡುವೆ ನಿಂತಾಗ ಮಾತ್ರ ಆ ದಾಖಲೆ ಸತ್ಯವಾಗುತ್ತದೆ. ಸಿಂಪ್ಯೂಟರನ್ನು ಕಟ್ಟಿದವರು ಯಂತ್ರದ ಬಾಯಿಂದ ಓದಿಸಬೇಕೆಂದು ಬಯಸಿದ್ದನ್ನು ಇಂದು ಅನೇಕ ಮನೆಗಳಲ್ಲಿ ಮಕ್ಕಳು ನೆರವೇರಿಸುತ್ತಿದ್ದಾರೆ.

ಹಿಂದಿನ ಕಡತದಲ್ಲಿ ಶಾನುಭೋಗನು ಬರೆದದ್ದನ್ನು ರೈತನು ಓದಲಾರದೆ ನಂಬಬೇಕಾಗಿತ್ತು. ಅಂಗೈಯ ಕಡತ ರೈತನ ಕೈಗೇ ಬಂದಿದೆ. ಆದರೆ ಕೈಗೆ ಬಂದ ಮಾತ್ರಕ್ಕೆ ಅದು ತನ್ನದಾಗುವುದಿಲ್ಲ. ಬರೆದುದನ್ನು ಓದಿ, ತಪ್ಪಿದ್ದಲ್ಲಿ ತಿದ್ದುವ ಶಕ್ತಿ ಬಂದಾಗಲೇ ಅದು ತನ್ನದಾಗುತ್ತದೆ. ಯಂತ್ರವು ಕೊಟ್ಟದ್ದನ್ನು ಮರೆಯದೆ ಇಟ್ಟುಕೊಳ್ಳಬಲ್ಲುದು. ಕೊಟ್ಟದ್ದು ನಿಜವೋ ಸುಳ್ಳೋ ಎಂಬುದನ್ನು ಹೊಲಕ್ಕೆ ಇಳಿದು ನೋಡಬೇಕಾದವನು ಮನುಷ್ಯನೇ.