ವಿಂಡೋಸ್ ರಿಜಿಸ್ಟ್ರಿಯ ಬ್ಯಾಕಪ್ ಮತ್ತು ಮರುಸ್ಥಾಪನೆ

ವಿಂಡೋಸ್ ರಿಜಿಸ್ಟ್ರಿಯ ಬ್ಯಾಕಪ್ ಎಂದರೆ ಮೈಕ್ರೋಸಾಫ್ಟ್ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯ ಸೆಟ್ಟಿಂಗ್‌ಗಳನ್ನು ಬದಲಾಯಿಸುವ ಮೊದಲು ಅವುಗಳ ನಕಲನ್ನು ತೆಗೆದಿರಿಸುವ ಕ್ರಮ. ಬದಲಾವಣೆಯಿಂದ ತೊಂದರೆ ಉಂಟಾದಲ್ಲಿ ಆ ನಕಲಿನ ನೆರವಿನಿಂದ ಹಿಂದಿನ ಸ್ಥಿತಿಗೆ ಮರಳುವುದನ್ನು ಮರುಸ್ಥಾಪನೆ ಎನ್ನುತ್ತಾರೆ. ಯಂತ್ರಾಂಶ, ಡ್ರೈವರ್‌ಗಳು, ಬಳಕೆದಾರರ ಖಾತೆಗಳು ಹಾಗೂ ಗಣಕದಲ್ಲಿ ಅಳವಡಿಸಿದ ತಂತ್ರಾಂಶಗಳಿಗೆ ಸಂಬಂಧಿಸಿದ ಸೆಟ್ಟಿಂಗ್‌ಗಳೆಲ್ಲ ರಿಜಿಸ್ಟ್ರಿ ಎಂಬ ದತ್ತಸಂಚಯದಲ್ಲಿ ಇರುತ್ತವೆ. ಇದನ್ನು ತಿದ್ದಲು ಬಳಸುವ ರೆಜೆಡಿಟ್ ಎಂಬ ಸಂಪಾದಕದಲ್ಲಿ ಮಾಡಿದ ಬದಲಾವಣೆಯು ಆ ಕ್ಷಣವೇ ದಾಖಲಾಗುತ್ತದೆ. ಪ್ರತ್ಯೇಕವಾಗಿ ಉಳಿಸುವ ಹಂತವಾಗಲಿ, ಮಾಡಿದ್ದನ್ನು ಹಿಂತೆಗೆದುಕೊಳ್ಳುವ ಸೌಲಭ್ಯವಾಗಲಿ ಅದರಲ್ಲಿಲ್ಲ. ಆದುದರಿಂದ ಬ್ಯಾಕಪ್ ಇಲ್ಲದೆ ಅಳಿಸಿದ ಮೌಲ್ಯವೊಂದನ್ನು ಮರಳಿ ಪಡೆಯುವುದು ಕಷ್ಟ.

ಇತಿಹಾಸ

ಆರಂಭದ ವಿಂಡೋಸ್ ಆವೃತ್ತಿಗಳಲ್ಲಿ ಸೆಟ್ಟಿಂಗ್‌ಗಳು ಐಎನ್‌ಐ ಎಂಬ ಸರಳ ಪಠ್ಯ ಕಡತಗಳಲ್ಲಿ ಇರುತ್ತಿದ್ದವು. ಅಂತಹ ಕಡತದ ನಕಲು ಮಾಡಿಟ್ಟುಕೊಂಡರೆ ಅದೇ ಬ್ಯಾಕಪ್ ಆಗುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿಯು ಸಣ್ಣ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95ರಲ್ಲಿ ಅದು ಇಡೀ ವ್ಯವಸ್ಥೆಯ ಸೆಟ್ಟಿಂಗ್‌ಗಳ ಕೇಂದ್ರವಾಯಿತು.

ವಿಂಡೋಸ್ 95 ತನ್ನ ರಿಜಿಸ್ಟ್ರಿಯನ್ನು ಸಿಸ್ಟಮ್.ಡ್ಯಾಟ್ ಮತ್ತು ಯೂಸರ್.ಡ್ಯಾಟ್ ಎಂಬ ಎರಡು ಕಡತಗಳಲ್ಲಿ ಇಟ್ಟು, ಗಣಕವು ಸರಿಯಾಗಿ ಆರಂಭವಾದಾಗ ಅವುಗಳ ನಕಲನ್ನು ತಾನೇ ತೆಗೆಯುತ್ತಿತ್ತು. ವಿಂಡೋಸ್ 98ರಲ್ಲಿದ್ದ ಸ್ಕ್ಯಾನ್‌ರೆಗ್ ಎಂಬ ಸಾಧನವು ದಿನಕ್ಕೊಂದರಂತೆ ನಕಲು ತೆಗೆದು, ಇತ್ತೀಚಿನ ಐದನ್ನು ಉಳಿಸಿಕೊಳ್ಳುತ್ತಿತ್ತು. 2000ದಲ್ಲಿ ಬಂದ ವಿಂಡೋಸ್ ಎಂಇ ಆವೃತ್ತಿಯು ಸಿಸ್ಟಮ್ ರಿಸ್ಟೋರ್ ಸೌಲಭ್ಯವನ್ನು ಪರಿಚಯಿಸಿತು.

ರಚನೆ

ರಿಜಿಸ್ಟ್ರಿಯು ಮರದ ಕೊಂಬೆಗಳಂತೆ ಕವಲೊಡೆಯುವ ಕೀಲಿಗಳನ್ನು ಹೊಂದಿದೆ. ಪ್ರತಿ ಕೀಲಿಯೊಳಗೆ ಉಪಕೀಲಿಗಳೂ ಮೌಲ್ಯಗಳೂ ಇರಬಹುದು. ಸಂಪಾದಕದಲ್ಲಿ ಒಂದೇ ಮರದಂತೆ ಕಾಣುವ ಈ ದತ್ತಾಂಶವು ಡಿಸ್ಕಿನಲ್ಲಿ ಹಲವು ಕಡತಗಳಲ್ಲಿ ಹಂಚಿಹೋಗಿರುತ್ತದೆ. ಇಂತಹ ಒಂದೊಂದು ಭಾಗಕ್ಕೂ ಹೈವ್ ಎಂದು ಹೆಸರು. ಇಂದಿನ ಆವೃತ್ತಿಗಳಲ್ಲಿ ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ ಮತ್ತು ಡಿಫಾಲ್ಟ್ ಎಂಬ ಹೈವ್‌ಗಳು ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರಿನಲ್ಲಿವೆ. ಪ್ರತಿ ಬಳಕೆದಾರನ ಸ್ವಂತ ಸೆಟ್ಟಿಂಗ್‌ಗಳು ಆತನ ಫೋಲ್ಡರಿನಲ್ಲಿರುವ ಎನ್‌ಟಿಯೂಸರ್.ಡ್ಯಾಟ್ ಕಡತದಲ್ಲಿರುತ್ತವೆ. ಸಿಸ್ಟಮ್ ಹೈವ್ ಹಾಳಾದರೆ ಗಣಕವೇ ಆರಂಭವಾಗದಿರಬಹುದು. ಬಳಕೆದಾರನ ಹೈವ್ ಹಾಳಾದರೆ ಸಾಮಾನ್ಯವಾಗಿ ಆ ಖಾತೆಗೆ ಮಾತ್ರ ತೊಂದರೆಯಾಗುತ್ತದೆ.

ಬ್ಯಾಕಪ್ ವಿಧಾನಗಳು

ರಫ್ತು: ರೆಜೆಡಿಟ್‌ನಲ್ಲಿ ಬೇಕಾದ ಕೀಲಿಯನ್ನು ಆಯ್ದು, ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆಯ್ಕೆಯಿಂದ ಅದನ್ನು ರೆಗ್ ವಿಸ್ತರಣೆಯ ಕಡತವಾಗಿ ಉಳಿಸಬಹುದು. ಇದು ಪಠ್ಯ ಕಡತವಾದ್ದರಿಂದ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಒಂದೆರಡು ಮೌಲ್ಯಗಳನ್ನಷ್ಟೇ ಬದಲಾಯಿಸುವಾಗ ಆ ಕೀಲಿಯೊಂದನ್ನು ರಫ್ತು ಮಾಡುವುದು ಅತ್ಯಂತ ಸುಲಭದ ದಾರಿ.

ಹೈವ್ ರೂಪದ ನಕಲು: ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಗ್ ಸೇವ್ ಆದೇಶವು ಕೀಲಿಯನ್ನು ಅದರ ಎಲ್ಲ ಉಪಕೀಲಿಗಳೊಡನೆ ದ್ವಿಮಾನ ರೂಪದಲ್ಲಿ ಉಳಿಸುತ್ತದೆ. ಇದಕ್ಕೆ ನಿರ್ವಾಹಕನ ಅಧಿಕಾರ ಬೇಕು.

ಪುನಃಸ್ಥಾಪನಾ ಬಿಂದು: ಸಿಸ್ಟಮ್ ರಿಸ್ಟೋರ್ ಸೌಲಭ್ಯವು ರಿಜಿಸ್ಟ್ರಿಯ ಜೊತೆಗೆ ವ್ಯವಸ್ಥೆಯ ಕಡತಗಳು ಮತ್ತು ಡ್ರೈವರ್‌ಗಳ ಸ್ಥಿತಿಯನ್ನೂ ದಾಖಲಿಸುತ್ತದೆ. ಡ್ರೈವರ್ ಅಥವಾ ದೊಡ್ಡ ತಂತ್ರಾಂಶವನ್ನು ಅಳವಡಿಸುವ ಮೊದಲು ಇದು ಹೆಚ್ಚು ಸೂಕ್ತ. ಹಲವು ಗಣಕಗಳಲ್ಲಿ ಈ ಸೌಲಭ್ಯವು ಚಾಲನೆಯಲ್ಲಿ ಇರುವುದಿಲ್ಲ. ಸಿಸ್ಟಮ್ ಪ್ರೊಟೆಕ್ಷನ್ ಪುಟದಲ್ಲಿ ಅದು ಸಕ್ರಿಯವಾಗಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಡಿಸ್ಕ್ ಇಮೇಜ್: ಇಡೀ ಡಿಸ್ಕಿನ ಅಥವಾ ಅದರ ವಿಭಾಗದ ಪೂರ್ಣ ನಕಲು. ಇದಕ್ಕೆ ಹೆಚ್ಚು ಸ್ಥಳವೂ ಸಮಯವೂ ಬೇಕು. ಆದರೆ ಡಿಸ್ಕ್ ಕೆಟ್ಟಾಗಲೂ ನೆರವಾಗುವುದು ಬೇರೆಡೆ ಇರಿಸಿದ ಇಂತಹ ನಕಲು ಮಾತ್ರ.

ರಫ್ತು ಕಡತದ ಮರುಸ್ಥಾಪನೆ

ರೆಗ್ ಕಡತವನ್ನು ತೆರೆದಾಗ ಅದರಲ್ಲಿರುವ ಮೌಲ್ಯಗಳು ರಿಜಿಸ್ಟ್ರಿಗೆ ವಿಲೀನಗೊಳ್ಳುತ್ತವೆ. ವಿಲೀನವು ಹಿಂದಿನ ಸ್ಥಿತಿಗೆ ಸಂಪೂರ್ಣವಾಗಿ ಮರಳುವುದಕ್ಕೆ ಸಮನಲ್ಲ. ಕಡತದಲ್ಲಿರುವ ಮೌಲ್ಯಗಳು ಹಳೆಯ ರೂಪಕ್ಕೆ ಬರುತ್ತವೆ, ಅಳಿಸಿಹೋದವು ಮರಳುತ್ತವೆ. ಆದರೆ ರಫ್ತಿನ ನಂತರ ಹೊಸದಾಗಿ ಸೇರಿದ ಕೀಲಿಗಳು ಹಾಗೂ ಮೌಲ್ಯಗಳು ಹಾಗೆಯೇ ಉಳಿದುಬಿಡುತ್ತವೆ.

ಕೀಲಿಮಣೆಯ ಸೆಟ್ಟಿಂಗ್ ಇದಕ್ಕೊಂದು ಸರಳ ಉದಾಹರಣೆ. ಬಳಕೆದಾರನ ಕೀಲಿಮಣೆ ವಿನ್ಯಾಸಗಳ ಸಂಕೇತಗಳು ರಿಜಿಸ್ಟ್ರಿಯ ಪ್ರೀಲೋಡ್ ಎಂಬ ಕೀಲಿಯಲ್ಲಿ 1, 2, 3 ಎಂಬ ಹೆಸರಿನ ಮೌಲ್ಯಗಳಾಗಿ ಇರುತ್ತವೆ. ಅಮೆರಿಕನ್ ಇಂಗ್ಲಿಷಿನ ಸಂಕೇತ 00000409, ಕನ್ನಡದ್ದು 0000044ಬಿ, ಹಿಂದಿಯದು 00000439. ಮೊದಲನೆಯದು ಇಂಗ್ಲಿಷ್, ಎರಡನೆಯದು ಕನ್ನಡ ಆಗಿರುವಾಗ ಈ ಕೀಲಿಯನ್ನು ರಫ್ತು ಮಾಡಿ, ಬಳಿಕ ಅವೆರಡರ ಸ್ಥಾನವನ್ನು ಅದಲುಬದಲು ಮಾಡಿ ಮೂರನೆಯದಾಗಿ ಹಿಂದಿಯನ್ನು ಸೇರಿಸಲಾಯಿತು ಎಂದುಕೊಳ್ಳೋಣ. ರಫ್ತು ಕಡತವನ್ನು ವಿಲೀನಗೊಳಿಸಿದರೆ 1 ಮತ್ತು 2 ಮೊದಲಿನಂತಾಗುತ್ತವೆ. 3 ಎಂಬ ಮೌಲ್ಯ ಮಾತ್ರ ಅಲ್ಲೇ ಇರುತ್ತದೆ, ಅದನ್ನು ಪ್ರತ್ಯೇಕವಾಗಿ ಅಳಿಸಬೇಕು. ಈ ಕಾರಣದಿಂದ ತಾನು ಹೊಸದಾಗಿ ಸೇರಿಸಿದ್ದೇನು ಎಂಬುದನ್ನು ಬರೆದಿಟ್ಟುಕೊಳ್ಳುವುದು ರಫ್ತಿನಷ್ಟೇ ಮುಖ್ಯ.

ರೆಗ್ ಸೇವ್ ಆದೇಶದಿಂದ ಪಡೆದ ನಕಲನ್ನು ರೆಗ್ ರಿಸ್ಟೋರ್ ಆದೇಶದಿಂದ ಮರಳಿಸಿದಾಗ ಕೀಲಿಯ ಒಳಗಿನದೆಲ್ಲವೂ ಬದಲಾಗಿ, ಹೆಚ್ಚುವರಿ ಮೌಲ್ಯಗಳು ಉಳಿಯುವುದಿಲ್ಲ. ಆದರೆ ಆ ಹೊತ್ತಿನಲ್ಲಿ ವಿಂಡೋಸ್ ಬಳಸುತ್ತಿರುವ ಕೀಲಿಗಳ ಮೇಲೆ ಈ ಆದೇಶವು ವಿಫಲವಾಗಬಹುದು.

ಗಣಕ ಆರಂಭವಾಗದಿದ್ದಾಗ

ವಿಂಡೋಸ್ ಆರಂಭವಾಗದಿದ್ದಾಗ ಡೆಸ್ಕ್‌ಟಾಪಿನಲ್ಲಿ ಉಳಿಸಿದ ರೆಗ್ ಕಡತವನ್ನು ಎಂದಿನಂತೆ ತೆರೆಯಲು ಸಾಧ್ಯವಿಲ್ಲ. ಆಗ ನೆರವಾಗುವುದು ವಿಂಡೋಸ್ ರಿಕವರಿ ಪರಿಸರ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಬಹುದು, ಸಿಸ್ಟಮ್ ರಿಸ್ಟೋರ್ ನಡೆಸಬಹುದು ಅಥವಾ ಕಮಾಂಡ್ ಪ್ರಾಂಪ್ಟ್ ತೆರೆಯಬಹುದು. ಕಮಾಂಡ್ ಪ್ರಾಂಪ್ಟ್‌ನಿಂದ ರೆಜೆಡಿಟ್ ತೆರೆದಾಗ ಕಾಣುವುದು ರಿಕವರಿ ಪರಿಸರದ ಸ್ವಂತ ರಿಜಿಸ್ಟ್ರಿಯೇ ಹೊರತು ಕೆಟ್ಟಿರುವ ವಿಂಡೋಸ್‌ನದಲ್ಲ. ಅದನ್ನು ತಿದ್ದಲು ಲೋಡ್ ಹೈವ್ ಆಯ್ಕೆಯಿಂದ ಕಾನ್ಫಿಗ್ ಫೋಲ್ಡರಿನ ಕಡತವನ್ನು ತೆರೆಯಬೇಕು. ಡ್ರೈವ್‌ಗಳ ಅಕ್ಷರಗಳೂ ಇಲ್ಲಿ ಬೇರೆಯಾಗಿರಬಹುದು. ಬಿಟ್‌ಲಾಕರ್ ಗೂಢಲಿಪೀಕರಣವಿರುವ ಡಿಸ್ಕಿಗೆ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದಾದ್ದರಿಂದ ಅದು ಗಣಕದ ಹೊರಗೆ ಎಲ್ಲಾದರೂ ಲಭ್ಯವಿರಬೇಕು.

ವಿಂಡೋಸ್ 7ರವರೆಗೆ ಎಫ್8 ಗುಂಡಿಯಿಂದ ದೊರೆಯುತ್ತಿದ್ದ ಲಾಸ್ಟ್ ನೋನ್ ಗುಡ್ ಕಾನ್ಫಿಗರೇಶನ್ ಎಂಬ ಆಯ್ಕೆಯು ಡ್ರೈವರ್ ಮತ್ತು ಸೇವೆಗಳ ಸೆಟ್ಟಿಂಗ್‌ಗಳನ್ನು ಮಾತ್ರ ಹಿಂದಿನ ಸ್ಥಿತಿಗೆ ತರುತ್ತಿತ್ತು. ಬಳಕೆದಾರನು ಯಶಸ್ವಿಯಾಗಿ ಲಾಗಿನ್ ಆದೊಡನೆ ಹಳೆಯ ದಾಖಲೆಯ ಜಾಗದಲ್ಲಿ ಹೊಸದು ಬರುತ್ತಿದ್ದುದರಿಂದ ಲಾಗಿನ್‌ಗೆ ಮೊದಲೇ ಅದನ್ನು ಬಳಸಬೇಕಾಗಿತ್ತು.

ಸ್ವಯಂಚಾಲಿತ ಬ್ಯಾಕಪ್‌ನ ನಿಲುಗಡೆ

ಕಾನ್ಫಿಗ್ ಫೋಲ್ಡರಿನ ಒಳಗಿರುವ ರೆಗ್‌ಬ್ಯಾಕ್ ಫೋಲ್ಡರಿನಲ್ಲಿ ವಿಂಡೋಸ್ ತಾನಾಗಿಯೇ ಹೈವ್‌ಗಳ ನಕಲನ್ನು ಇರಿಸುತ್ತಿತ್ತು. 2018ರಲ್ಲಿ ಬಿಡುಗಡೆಯಾದ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಇದನ್ನು ನಿಲ್ಲಿಸಲಾಗಿದೆ. ಡಿಸ್ಕಿನಲ್ಲಿ ವಿಂಡೋಸ್ ಆಕ್ರಮಿಸುವ ಸ್ಥಳವನ್ನು ಕಡಿಮೆ ಮಾಡಲು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಲಾಗಿದೆ ಎಂದು ಮೈಕ್ರೋಸಾಫ್ಟ್ ತಿಳಿಸಿದೆ. ಫೋಲ್ಡರಿನಲ್ಲಿ ಕಡತಗಳ ಹೆಸರುಗಳು ಕಂಡರೂ ಅವುಗಳ ಗಾತ್ರ 0 ಬೈಟ್ ಆಗಿರಬಹುದು. ಹಳೆಯ ಮಾರ್ಗದರ್ಶಿಗಳನ್ನು ಅನುಸರಿಸಿ ಇಂತಹ ಖಾಲಿ ಕಡತಗಳನ್ನು ಮೂಲ ಹೈವ್‌ಗಳ ಮೇಲೆ ನಕಲಿಸಿದರೆ ಉಳಿದಿದ್ದ ರಿಜಿಸ್ಟ್ರಿಯೂ ನಾಶವಾಗುತ್ತದೆ. ಎನೇಬಲ್‌ಪೀರಿಯಾಡಿಕ್‌ಬ್ಯಾಕಪ್ ಎಂಬ ಮೌಲ್ಯವನ್ನು ಸೇರಿಸಿ ಅದಕ್ಕೆ 1 ಎಂದು ಕೊಟ್ಟು ಗಣಕವನ್ನು ಮರುಪ್ರಾರಂಭಿಸಿದರೆ ಹಳೆಯ ವ್ಯವಸ್ಥೆ ಮತ್ತೆ ಕೆಲಸ ಮಾಡುತ್ತದೆ.

ಮಿತಿಗಳು

ಸಿಸ್ಟಮ್ ರಿಸ್ಟೋರ್ ಬಳಕೆದಾರನ ದಾಖಲೆಗಳನ್ನಾಗಲಿ ಚಿತ್ರಗಳನ್ನಾಗಲಿ ಮರಳಿ ತರುವುದಿಲ್ಲ. ಪುನಃಸ್ಥಾಪನಾ ಬಿಂದುವಿನ ನಂತರ ಅಳವಡಿಸಿದ ತಂತ್ರಾಂಶಗಳು ಮತ್ತು ಡ್ರೈವರ್‌ಗಳು ಮರುಸ್ಥಾಪನೆಯಿಂದ ಹೋಗಬಹುದು. ಪುನಃಸ್ಥಾಪನಾ ಬಿಂದುಗಳು ಅದೇ ಗಣಕದ ಡಿಸ್ಕಿನಲ್ಲಿರುವುದರಿಂದ ಡಿಸ್ಕ್ ಕೆಟ್ಟರೆ ಅವೂ ಇಲ್ಲವಾಗುತ್ತವೆ. ಒಂದು ಗಣಕದ ಪೂರ್ಣ ರಿಜಿಸ್ಟ್ರಿಯನ್ನು ಬೇರೆ ಯಂತ್ರಾಂಶವುಳ್ಳ ಗಣಕಕ್ಕೆ ವಿಲೀನಗೊಳಿಸುವುದು ಅಪಾಯಕಾರಿ. ಅಪರಿಚಿತ ಮೂಲದಿಂದ ಬಂದ ರೆಗ್ ಕಡತವನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಪರಿಶೀಲಿಸುವುದು ಕ್ಷೇಮ.

ಇತರ ಕಾರ್ಯಾಚರಣ ವ್ಯವಸ್ಥೆಗಳಲ್ಲಿ

ಲಿನಕ್ಸ್‌ನಲ್ಲಿ ವ್ಯವಸ್ಥೆಯ ಸೆಟ್ಟಿಂಗ್‌ಗಳು ಹೆಚ್ಚಾಗಿ ಇಟಿಸಿ ಎಂಬ ಫೋಲ್ಡರಿನ ಪಠ್ಯ ಕಡತಗಳಲ್ಲಿ ಇರುತ್ತವೆ. ಇಟಿಸಿಕೀಪರ್ ಎಂಬ ತಂತ್ರಾಂಶವು ಅವುಗಳ ಪ್ರತಿ ಬದಲಾವಣೆಯನ್ನೂ ಗಿಟ್‌ನಂತಹ ಆವೃತ್ತಿ ನಿರ್ವಹಣಾ ವ್ಯವಸ್ಥೆಯಲ್ಲಿ ದಾಖಲಿಸುತ್ತದೆ. ಆಪಲ್‌ನ ಮ್ಯಾಕ್ ಗಣಕಗಳಲ್ಲಿ ತಂತ್ರಾಂಶಗಳ ಸೆಟ್ಟಿಂಗ್‌ಗಳು ಪ್ರತ್ಯೇಕವಾದ ಪಿ-ಲಿಸ್ಟ್ ಕಡತಗಳಲ್ಲಿವೆ. 2007ರಲ್ಲಿ ಬಂದ ಟೈಮ್ ಮಷೀನ್ ಸೌಲಭ್ಯವು ಅವನ್ನು ಉಳಿದ ಕಡತಗಳೊಡನೆ ಬ್ಯಾಕಪ್ ಮಾಡುತ್ತದೆ.