ಹಳೆಯ ಮೋಟಾರಿಗೆ ಹೊಸ ಜ್ಯಾಕು

ಹಿರಿಯರ ಕಾಲದ ಮೋಟಾರು ಗಾಡಿಯನ್ನು ಮನೆಯ ಮಗುವಿನಂತೆ ಸಾಕಿಕೊಂಡು ಬಂದಿರುವ ಗೃಹಸ್ಥರು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಇಂದಿಗೂ ಉಂಟು. ಅಂತಹ ಗಾಡಿಯೊಡನೆ ಬಂದ ಜ್ಯಾಕು ಕಳೆದುಹೋದರೆ ಅವರು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋಗಿ, “ಎರಡು ಟನ್ ಎತ್ತುವುದೊಂದು ಕೊಡಿ” ಎಂದು ಕೇಳುವುದು ವಾಡಿಕೆ. ಆದರೆ ಬಲವೊಂದನ್ನೇ ನೋಡಿ ಕೊಂಡ ಜ್ಯಾಕು ಸಮಯಕ್ಕೆ ಒದಗದೆ ಹೋಗಬಹುದು, ಪ್ರಾಣಕ್ಕೂ ಮುಳುವಾಗಬಹುದು.

ಎಂ.ಜಿ. ಎಂಬ ಆಂಗ್ಲ ಸ್ಪೋರ್ಟ್ಸ್ ಕಾರನ್ನೇ ನೋಡೋಣ. 1945ರಿಂದ 1949ರವರೆಗೆ ತಯಾರಾದ ಟಿ.ಸಿ. ಮಾದರಿಯ ತೂಕ ಸುಮಾರು 800 ಕಿಲೋಗ್ರಾಂ ಮಾತ್ರ. ಬಲದ ಮಟ್ಟಿಗೆ ಒಂದು ಟನ್ನಿನ ಜ್ಯಾಕೇ ಅದಕ್ಕೆ ಸಾಕು. ಅದಕ್ಕೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟೂ ಗಟ್ಟಿಯಾದ ಅಚ್ಚುಗಳೂ ಇರುವುದರಿಂದ ಜ್ಯಾಕನ್ನು ಅಚ್ಚಿನ ಕೆಳಗೇ ಕೊಡಬಹುದು. 1962ರಲ್ಲಿ ಬಂದ ಎಂ.ಜಿ.ಬಿ.ಗಾದರೋ ಅಂತಹ ಚೌಕಟ್ಟಿಲ್ಲ. ತಗಡಿನ ಒಡಲೇ ಭಾರವನ್ನು ಹೊರುವುದು. ಬಾಗಿಲ ಕೆಳಗಿನ ಅಂಚಿಗೆ ತುಕ್ಕು ಹಿಡಿದಿದ್ದರೆ ಜ್ಯಾಕು ಗಾಡಿಯನ್ನೆತ್ತುವ ಬದಲು ತಗಡನ್ನೇ ಸೀಳೀತು. ಆದಕಾರಣ ಜ್ಯಾಕಿಗೆ ಮೊದಲು ಗಾಡಿಯ ಅಡಿಯನ್ನು ಪರೀಕ್ಷಿಸತಕ್ಕದ್ದು.

ಎರಡನೆಯದು ಎತ್ತರ. ಗಾಳಿ ತುಂಬಿದ ಗಾಡಿಯನ್ನು ಅಳೆದರೆ ಪ್ರಯೋಜನವಿಲ್ಲ. ಜ್ಯಾಕು ಬೇಕಾಗುವುದು ಟೈರು ಚಪ್ಪಟೆಯಾದಾಗಲಷ್ಟೆ! ಒಂದು ಚಕ್ರದ ಗಾಳಿಯನ್ನು ಬಿಟ್ಟು, ಜ್ಯಾಕು ತಾಗುವ ಸ್ಥಳಕ್ಕೂ ನೆಲಕ್ಕೂ ಇರುವ ಅಂತರವನ್ನು ಅಳತೆ ಪಟ್ಟಿಯಿಂದ ನೋಡಿರಿ. ಮಡಚಿದ ಜ್ಯಾಕು ಅದರೊಳಗೆ ನುಗ್ಗಬೇಕು. ಎತ್ತಿದಾಗ ಗಾಳಿ ತುಂಬಿದ ಬದಲಿ ಚಕ್ರ ಸರಾಗವಾಗಿ ಕೂರುವಷ್ಟು ಎಡೆಯೂ ದೊರೆಯಬೇಕು.

ಮೂರನೆಯದು ಜಾತಿ. 1795ರಲ್ಲಿ ಜೋಸೆಫ್ ಬ್ರಾಮಾ ಸನ್ನದು ಪಡೆದ ದ್ರವಯಂತ್ರದ ತತ್ತ್ವದಿಂದಲೇ ಎಣ್ಣೆಯ ಜ್ಯಾಕು ನಡೆಯುವುದು. ಅದರಿಂದ ಶ್ರಮ ಕಡಿಮೆ. ಆದರೆ ವರ್ಷಗಟ್ಟಲೆ ಮೂಲೆಯಲ್ಲಿದ್ದರೆ ಒಳಗಿನ ರಬ್ಬರು ಒಣಗಿ, ಎಣ್ಣೆ ಸೋರಿ, ಎತ್ತಿದ ಭಾರ ಮೆಲ್ಲನೆ ಕುಸಿಯಬಹುದು. ತಿರುಪಿನ ಜ್ಯಾಕಿಗೆ ಕೈಬಲ ಹೆಚ್ಚು ಬೇಕು. ಸೋರುವ ಭಯ ಮಾತ್ರ ಇಲ್ಲ. ದಾರಿಯ ಪೆಟ್ಟಿಗೆಗೆ ತಿರುಪಿನದೂ ಮನೆಯ ಶೆಡ್ಡಿಗೆ ಗಾಲಿಯುಳ್ಳ ಎಣ್ಣೆಯದೂ ಮೇಲೆಂದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ವಿಚಾರಿಸಿ ಕೊಂಡರೂ ಒಂದು ಮಾತು ಮರೆಯಬಾರದು. ದೊಡ್ಡ ಬಸವಣ್ಣನ ಗುಡಿಯ ಕಡೆಯ ಏರಿನಂತಹ ಇಳಿಜಾರಿನಲ್ಲಿ ಗಾಡಿಯನ್ನು ಎತ್ತಲೇಬಾರದು. ಸಮನೆಲಕ್ಕೆ ತಂದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟೇ ಎತ್ತಬೇಕು. ಅಡಿಯಲ್ಲಿ ನುಸುಳಿ ಕೆಲಸ ಮಾಡುವುದಾದರೆ ಉಕ್ಕಿನ ಸ್ಟ್ಯಾಂಡುಗಳು ಇರಲೇಬೇಕು. ಜ್ಯಾಕು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಗಾಡಿ ಕೆಟ್ಟರೆ ರಿಪೇರಿಯುಂಟು, ಮನೆಯ ಯಜಮಾನನಿಗುಂಟೇ?