ಡಾರ್ಕ್‌ರೂಮ್ ಇಲ್ಲದೆ ಫೋಟೊ ಮುದ್ರಣ

ಪ್ರಶ್ನೆ: ಹಳೆಯ ಕಾಲದ ಫೋಟೊ ಮುದ್ರಣ ಕಲಿಯುವ ಆಸೆ. ಮನೆಯಲ್ಲಿ ಡಾರ್ಕ್‌ರೂಮ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸಯನೊಟೈಪ್ ಎಂಬ ನೀಲಿ ಮುದ್ರಣ ವಿಧಾನದಿಂದ. ಬೆಳ್ಳಿಯ ಲವಣಗಳ ಖರ್ಚಿಲ್ಲ, ಬೆಳಕಿಗೆ ಬಿಸಿಲೇ ಸಾಕು. 1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಅಚ್ಚು ತೆಗೆದು, ಪುಸ್ತಕವನ್ನೇ ಹೊರತರತೊಡಗಿದರು. ಎಂಜಿನಿಯರುಗಳ ಹಳೆಯ ನೀಲಿನಕ್ಷೆಯೂ ಇದೇ ವಿದ್ಯೆಯ ಕೂಸು.

ಬೇಕಾಗುವ ರಾಸಾಯನಿಕಗಳು ಎರಡೇ: ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಎರಡನ್ನೂ ಬೇರೆ ಬೇರೆಯಾಗಿ ತಲಾ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿಡಿ. ಬೇಕಾದಾಗ ಸಮಪ್ರಮಾಣದಲ್ಲಿ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಡ್ರಾಯಿಂಗ್ ಕಾಗದಕ್ಕೆ ಬ್ರಷ್‌ನಿಂದ ಹಚ್ಚಿ, ಕತ್ತಲಲ್ಲಿ ಒಣಗಿಸಿ. ಮೇಲೊಂದು ನುಗ್ಗೆಸೊಪ್ಪಿನ ಎಸಳಿಟ್ಟು, ಗಾಜು ಮುಚ್ಚಿ ಬಿಸಿಲಿಗಿಡಿ. ಬಿಸಿಲು ಬಿದ್ದಲ್ಲಿ ಹಳದಿ-ಹಸಿರು ಲೇಪ ನಿಧಾನಕ್ಕೆ ಬೂದಿಬಣ್ಣಕ್ಕೆ ತಿರುಗುತ್ತದೆ. ಅತಿನೇರಳೆ ಕಿರಣ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿಸಿ, ಅದು ಫೆರಿಸಯನೈಡ್ ಜೊತೆ ಕೂಡಿ ಪ್ರಷ್ಯನ್ ನೀಲಿಯಾಗುವ ಆಟ ಇದು. ಆಮೇಲೆ ನೀರಿನಲ್ಲಿ ತೊಳೆದರೆ ಹಳದಿ ಹರಿದುಹೋಗಿ, ನೀಲಿಯ ನಡುವೆ ಎಸಳು ಬೆಳ್ಳಗೆ ಮೂಡುತ್ತದೆ. ನೀಲಿ ಪೇಲವವಾಗಿ ಕಂಡರೆ ಗಾಬರಿ ಬೇಡ, ಒಣಗಿ ಒಂದು ದಿನ ಕಳೆದರೆ ಗಾಢವಾಗುತ್ತದೆ.

ಎಸಳಿನ ಬದಲು ಫೋಟೊ ಬೇಕಿದ್ದರೆ ಮುದ್ರಣದಷ್ಟೇ ಅಳತೆಯ ನೆಗೆಟಿವ್ ಬೇಕು. ಪಾರದರ್ಶಕ ಹಾಳೆಯ ಮೇಲೆ ಪ್ರಿಂಟರಿನಲ್ಲೇ ತೆಗೆಯಬಹುದು. ಮಡಿವಂತರು ಮೂಗು ಮುರಿದರೆ ಮುರಿಯಲಿ. ಸಿದ್ಧ ಚಿತ್ರಕ್ಕೆ ಸೋಪು, ಸೋಡ ತಾಗಿಸಬೇಡಿ, ಕ್ಷಾರಕ್ಕೆ ನೀಲಿ ಮಾಸುತ್ತದೆ. ಕೈಗವಸು ಇರಲಿ, ಅಡುಗೆಮನೆಯ ಪಾತ್ರೆ ಬಳಸಬೇಡಿ. ಫೆರಿಸಯನೈಡಿಗೆ ಪ್ರಬಲ ಆಮ್ಲ ಸೋಕಿಸಲೇಬೇಡಿ, ವಿಷಾನಿಲ ಹೊರಡುತ್ತದೆ.